ತುರುಬಿಗೆ ಕೊಂಡ ಹೆಲ್ಮೆಟ್ಟು, ತಲೆಗೆ ಕೊಂಡ ಹೆಲ್ಮೆಟ್ಟು

ಹೊಸನಗರ ತಾಲ್ಲೂಕಿನ ಒಂದು ಪಶು ಆಸ್ಪತ್ರೆಯಲ್ಲಿ ನಾನು ಪರೀಕ್ಷಕಿ. ಊರವರ ಬಾಯಲ್ಲಿ ದನದ ಡಾಕ್ಟ್ರಮ್ಮ. ದಿನಕ್ಕೆ 40–50 ಕಿಲೋಮೀಟರ್ ಸ್ಕೂಟರ್ ಓಡಿಸುತ್ತೇನೆ. ಕರು ಅಡ್ಡ ಬಂದಿದೆ ಎಂದು ಫೋನ್ ಬಂದರೆ ರಾತ್ರಿ ಹನ್ನೊಂದಕ್ಕೂ ಹೊರಡಲೇಬೇಕು.

ಮೂರು ವರ್ಷದ ಹಿಂದೆ, ಆಷಾಢದ ಒಂದು ಬೆಳಿಗ್ಗೆ ರಿಪ್ಪನ್‌ಪೇಟೆ ಕಡೆಯ ಹಳ್ಳಿಯೊಂದಕ್ಕೆ ಹೋಗುತ್ತಿದ್ದೆ. ತಿರುವಿನಲ್ಲಿ ಕೊಳೆತ ಎಲೆಯ ಮೇಲೆ ಹಿಂದಿನ ಚಕ್ರ ಜಾರಿತು. ವೇಗ 25ರ ಮೇಲಿರಲಿಲ್ಲ. ಬಿದ್ದ ರಭಸಕ್ಕೆ ಜಾರಿಕೊಂಡು ಹೋಗಿ ರಸ್ತೆ ಬದಿಯ ಧರೆಗೆ, ಅಂದರೆ ಮಣ್ಣಿನ ದಿಬ್ಬಕ್ಕೆ, ತಾಗಿದೆ. ಹೆಲ್ಮೆಟ್ ತಲೆಯ ಮೇಲಿತ್ತು, ಬಕಲ್ ಹಾಕಿತ್ತು, ಹಿಂದೆ ಐಎಸ್‌ಐ ಗುರುತೂ ಇತ್ತು. ಆದರೆ ಅದು ಬೀಳುವಾಗಲೇ ಹಿಂದಕ್ಕೆ ಸರಿದು ಹಣೆ ಬಯಲಾಗಿತ್ತು. ಧರೆಯ ಜಂಬಿಟ್ಟಿಗೆಯ ಚೂಪು ಬಲಹುಬ್ಬಿನ ಮೇಲೆ ಸೀಳಿತು. ನಾಲ್ಕು ಹೊಲಿಗೆ ಬಿತ್ತು.

ಮನೆಯಲ್ಲಿ ಮಲಗಿಕೊಂಡು ಯೋಚಿಸಿದಾಗ ಕಾರಣ ತಾನಾಗಿ ಹೊಳೆಯಿತು. ಆ ಹೆಲ್ಮೆಟ್ಟನ್ನು ನಾನು ತಲೆಗೆ ನೋಡಿ ಕೊಂಡಿರಲಿಲ್ಲ, ತುರುಬಿಗೆ ನೋಡಿ ಕೊಂಡಿದ್ದೆ. ನನ್ನದು ಉದ್ದ ಕೂದಲು. ಕೆಲಸಕ್ಕೆ ಹೊರಡುವಾಗ ಎತ್ತಿ ತುರುಬು ಕಟ್ಟುವ ರೂಢಿ. ಅಂಗಡಿಯಲ್ಲಿ ಸರಿಯಾದ ಸೈಜು ತುರುಬಿನ ಮೇಲೆ ಕೂರಲಿಲ್ಲ. ಹುಡುಗ, "ಅಕ್ಕಾ, ಒಂದು ಸೈಜು ದೊಡ್ಡದು ತಗಳಿ, ಆರಾಮಾಗಿರುತ್ತೆ" ಅಂದ. ನಿಜಕ್ಕೂ ಆರಾಮಾಗಿಯೇ ಇತ್ತು. ಆ ಆರಾಮವೇ ತೊಂದರೆ ಎಂಬುದು ಆಗ ನನಗೆ ತಿಳಿದಿರಲಿಲ್ಲ.

ಹೊಲಿಗೆ ಬಿಚ್ಚಿಸಿಕೊಂಡು ಬಂದ ದಿನ ಆ ಹೆಲ್ಮೆಟ್ಟಿನ ಒಳಬಟ್ಟೆ ಕಿತ್ತು ನೋಡಿದೆ. ಹೊರಗಿನ ಚಿಪ್ಪಿನಲ್ಲಿ ಎರಡು ಗೀರು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಒಳಗಿನ ಕಪ್ಪು ಥರ್ಮಾಕೋಲಿನಲ್ಲಿ ಮಾತ್ರ ಹೆಬ್ಬೆರಳು ಒತ್ತಿದಷ್ಟು ತಗ್ಗು, ಅದರ ಸುತ್ತ ಕೂದಲೆಳೆಯಂಥ ಬಿರುಕು. ಹೆಲ್ಮೆಟ್ಟಿನಲ್ಲಿ ದುಡಿಯುವುದು ಈ ಥರ್ಮಾಕೋಲೇ. ಚಿಪ್ಪು ಏಟನ್ನು ಅಗಲಕ್ಕೆ ಹಂಚುತ್ತದೆ, ಥರ್ಮಾಕೋಲು ತಾನು ಜಜ್ಜಿಹೋಗಿ ಆ ಏಟನ್ನು ನುಂಗುತ್ತದೆ. ಒಮ್ಮೆ ಜಜ್ಜಿಹೋದದ್ದು ಮತ್ತೆ ಉಬ್ಬುವುದಿಲ್ಲ. ಹಾಗಾಗಿ ಜೋರಾಗಿ ಬಿದ್ದ ಹೆಲ್ಮೆಟ್ಟು ಹೊರಗೆ ಎಷ್ಟೇ ಚೆನ್ನಾಗಿ ಕಂಡರೂ ಅದರ ಕೆಲಸ ಮುಗಿಯಿತು. ಒಳಗೆ ತಲೆ ಆಡುವಷ್ಟು ಜಾಗವಿದ್ದರೆ ಈ ಥರ್ಮಾಕೋಲು ಏಟು ಬೀಳುವ ಹೊತ್ತಿಗೆ ಇರಬೇಕಾದ ಜಾಗದಲ್ಲೇ ಇರುವುದಿಲ್ಲ.

ಹೊಸದು ಕೊಳ್ಳುವ ಮೊದಲು ತಲೆ ಅಳೆದೆ. ದನದ ತೂಕ ಅಂದಾಜು ಮಾಡಲು ಎದೆಯ ಸುತ್ತಳತೆ ನೋಡುವ ಟೇಪು ನನ್ನ ಚೀಲದಲ್ಲಿ ಸದಾ ಇರುತ್ತದೆ, ಅದನ್ನೇ ತೆಗೆದೆ. ಹುಬ್ಬಿಗಿಂತ ಒಂದು ಇಂಚು ಮೇಲೆ, ಕಿವಿಯ ಮೇಲಿಂದ, ಹಿಂದೆ ತಲೆ ಹೆಚ್ಚು ಉಬ್ಬಿರುವ ಜಾಗದ ಮೇಲೆ ಹಾಯಿಸಬೇಕು. ಕೂದಲನ್ನು ಕೆಳಗೆ ಕುತ್ತಿಗೆಯ ಹತ್ತಿರ ಕಟ್ಟಿ ಮೂರು ಸಲ ಅಳೆದೆ. 56 ಸೆಂಟಿಮೀಟರ್. ನಾನು ಮೂರು ವರ್ಷ ಹಾಕಿಕೊಂಡು ತಿರುಗಿದ್ದು 60ರದು. ದನದ ಅಳತೆಯಲ್ಲಿ ಒಂದು ಇಂಚು ತಪ್ಪಿದರೆ ಔಷಧದ ಪ್ರಮಾಣವೇ ತಪ್ಪುತ್ತದೆ ಎಂದು ಗೊತ್ತಿದ್ದವಳು ನಾನು. ಸ್ವಂತ ತಲೆಗೆ ಟೇಪು ಹಿಡಿದದ್ದು ಅದೇ ಮೊದಲು.

ಆ ಭಾನುವಾರ ನಾನೂ ನಮ್ಮನೆಯವರೂ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋದೆವು. ಆಯನೂರು ದಾಟುವವರೆಗೂ ಮಳೆ. ಬಿ.ಎಚ್. ರಸ್ತೆಯ ಕಡೆ ಎರಡು ಅಂಗಡಿ ನೋಡಿದೆವು. ಮೊದಲನೆಯದರಲ್ಲಿ ಹಾಕಿ ನೋಡಲು ಕೊಟ್ಟರು, ಆದರೆ ಎರಡು ನಿಮಿಷಕ್ಕೇ ಅವಸರ ಮಾಡಿದರು. ಎರಡನೆಯದರಲ್ಲಿ ವಯಸ್ಸಾದ ಯಜಮಾನರು ಸ್ಟೂಲು ಕೊಟ್ಟು, "ಕೂತ್ಕಳಮ್ಮ, ನಿಧಾನಕ್ಕೆ ನೋಡು" ಅಂದರು. ಕೊಳ್ಳುವವರು ಇಂಥ ಅಂಗಡಿಯನ್ನೇ ಹುಡುಕಬೇಕು. ಹೆಲ್ಮೆಟ್ ಸರಿ ಇದೆಯೋ ಇಲ್ಲವೋ ಎರಡು ನಿಮಿಷದಲ್ಲಿ ಗೊತ್ತಾಗುವುದಿಲ್ಲ.

ಸೈಜಿನ ಅಕ್ಷರ ನಂಬಬೇಡಿ. ಒಂದು ಕಂಪನಿಯಲ್ಲಿ 58 ಎಂದರೆ ಮೀಡಿಯಂ, ಇನ್ನೊಂದರಲ್ಲಿ ಅದೇ 58 ಲಾರ್ಜ್. ಒಳಗಿನ ಚೀಟಿಯಲ್ಲಿ 560, 580 ಎಂದು ಮಿಲಿಮೀಟರ್ ಲೆಕ್ಕ ಇರುತ್ತದೆ, ಅದನ್ನು ನೋಡಿ. ತಯಾರಾದ ತಿಂಗಳು, ವರ್ಷವೂ ಅಲ್ಲೇ ಇರುತ್ತದೆ.

ನಾನು ಮೊದಲು ಹಾಕಿದ 56ರ ಹೆಲ್ಮೆಟ್ಟು ಹಣೆಗೆ ಬೆರಳಿಟ್ಟು ಒತ್ತಿದ ಹಾಗೆ ಕೂತಿತು, ಕಿವಿಯ ಮೇಲ್ಭಾಗದಲ್ಲಿ ಮಾತ್ರ ಸಡಿಲ. ನಾನು 58 ಕೇಳಲು ಹೊರಟೆ. ಯಜಮಾನರು ತಡೆದು, "ಸೈಜು ಸರಿಯಿದೆ, ಆಕಾರ ನಿಂದಲ್ಲ" ಅಂದರು. ಕೆಲವರ ತಲೆ ಮೇಲಿಂದ ನೋಡಿದರೆ ದುಂಡು, ಕೆಲವರದು ಹಣೆಯಿಂದ ಹಿಂದಕ್ಕೆ ಉದ್ದ. ನನ್ನದು ಉದ್ದ. ದುಂಡು ಅಚ್ಚಿನ ಹೆಲ್ಮೆಟ್ಟನ್ನು ಎಷ್ಟು ದೊಡ್ಡದು ತೆಗೆದುಕೊಂಡರೂ ಅದು ಮುಂದೆ ಒತ್ತಿ ಪಕ್ಕದಲ್ಲಿ ಆಡುತ್ತದೆ. ಮಾದರಿಯನ್ನೇ ಬದಲಿಸಬೇಕು. ನಾಲ್ಕನೆಯ ಮಾದರಿ ಸುತ್ತಲೂ ಒಂದೇ ಸಮ ಹಿಡಿಯಿತು.

ಕೆನ್ನೆ ಮಾತ್ರ ಚೆನ್ನಾಗಿಯೇ ಒತ್ತಿತು. ಬಾಯಿ ಮುಚ್ಚಿ ಅಗಿದರೆ ಕೆನ್ನೆಯ ಒಳಭಾಗ ಹಲ್ಲಿಗೆ ತಾಗುತ್ತಿತ್ತು. ಇದು ಬಿಗಿಯಲ್ಲವೇ ಎಂದು ಕೇಳಿದೆ. ಹೊಸದರಲ್ಲಿ ಕೆನ್ನೆಯ ಮೆತ್ತೆ ಹೀಗೇ ಇರಬೇಕು, ದಿನಾ ಹಾಕುತ್ತಾ ಹೋದ ಹಾಗೆ ಕೂರುತ್ತದೆ ಅಂದರು. ಅದು ನಿಜವಾಯಿತು, ಒಂದೂವರೆ ತಿಂಗಳಿಗೆ ಹದವಾಗಿ ಕೂತಿತು. ಹೊಸದರಲ್ಲೇ ಹಗುರವಾಗಿ ಹಿಡಿಯುವ ಹೆಲ್ಮೆಟ್ಟು ಎರಡು ತಿಂಗಳಿಗೆ ಲೊಡಲೊಡ ಆಗುತ್ತದೆ.

ಬಕಲ್ ಹಾಕಿಕೊಂಡೆ. ಪಟ್ಟಿ ಗದ್ದದ ತುದಿಯ ಮೇಲಲ್ಲ, ದವಡೆಯ ಕೆಳಗೆ ಗಂಟಲಿಗೆ ಹತ್ತಿರವಾಗಿ ಬರಬೇಕು, ಒಳಗೆ ಎರಡು ಬೆರಳು ಕಷ್ಟದಲ್ಲಿ ಹೋಗಬೇಕು. ಹೆಲ್ಮೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಎಡಕ್ಕೆ ಬಲಕ್ಕೆ ತಿರುಗಿಸಿದರೆ ಅದರ ಜೊತೆ ಹಣೆಯ ಚರ್ಮವೂ ಎಳೆಯಬೇಕು. ಚರ್ಮ ಇದ್ದಲ್ಲೇ ಇದ್ದು ಹೆಲ್ಮೆಟ್ಟು ಮಾತ್ರ ತಿರುಗಿದರೆ ಅದನ್ನು ವಾಪಸು ಕೊಡಿ. ಕೊನೆಗೆ ನಾನು ತಲೆ ಬಗ್ಗಿಸಿ ನಿಂತೆ. ನಮ್ಮನೆಯವರು ಹೆಲ್ಮೆಟ್ಟಿನ ಹಿಂದಿನ ಅಂಚಿಗೆ ಕೈ ಕೊಟ್ಟು ಮೇಲಕ್ಕೆ ಮುಂದಕ್ಕೆ ದೂಡಿದರು. ಬರಲಿಲ್ಲ. ಮುಂದಿನಿಂದ ಹಿಂದಕ್ಕೂ ದೂಡಿಸಿದೆ, ನಾನು ಬಿದ್ದದ್ದು ಹಾಗೆಯೇ ತಾನೆ. ಆಗಲೂ ಅದು ಹುಬ್ಬು ಬಿಟ್ಟು ಏಳಲಿಲ್ಲ. ನನಗೆ ಕಣ್ಣು ತುಂಬಿ ಬಂತು.

ಹಾಕಿಕೊಂಡೇ 20 ನಿಮಿಷ ಸ್ಟೂಲಿನ ಮೇಲೆ ಕೂತಿದ್ದೆ. ತೆಗೆದ ಮೇಲೆ ಹಣೆಯಲ್ಲಿ ಒಂದೇ ಕಡೆ ಕೆಂಪಗೆ ಗುರುತು ಬಿದ್ದಿದ್ದರೆ ಬೇಡ. ನನಗೆ ಹಣೆಯುದ್ದಕ್ಕೂ ತೆಳ್ಳಗೆ ಗೆರೆ ಇತ್ತು, ಐದು ನಿಮಿಷಕ್ಕೆ ಹೋಯಿತು. ನೋವು ಬಂದದ್ದು ಕಿವಿಯ ಹಿಂದೆ, ಓಲೆಯ ತಿರುಪು ಚುಚ್ಚುತ್ತಿತ್ತು. ಹೆಂಗಸರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ತಿರುಪಿನ ಓಲೆ, ನೆತ್ತಿಯ ಮೇಲಿನ ಕ್ಲಿಪ್ಪು, ಪಿನ್ನು ಯಾವುದೂ ಹೆಲ್ಮೆಟ್ಟಿನ ಒಳಗೆ ಇರಬಾರದು. ಕೂದಲನ್ನು ಕುತ್ತಿಗೆಯ ಬುಡದಲ್ಲಿ ಸಡಿಲ ಜಡೆ ಹೆಣೆದು ಜರ್ಕಿನ್ನಿನ ಒಳಗೆ ಬಿಟ್ಟರೆ ಹೆಲ್ಮೆಟ್ಟಿಗೆ ಅದರ ಗೊಡವೆಯೇ ಇಲ್ಲ. ಕನ್ನಡಕ ಹಾಕುವವರು ಕನ್ನಡಕ ತೆಗೆದುಕೊಂಡೇ ಹೋಗಿ. ಕಡ್ಡಿ ಕಿವಿಯ ಮೇಲೆ ಸಲೀಸಾಗಿ ಒಳಗೆ ಹೋಗಬೇಕು.

ಹೆಲ್ಮೆಟ್ಟಿನ ಹಿಂಭಾಗದ ಐಎಸ್‌ಐ ಗುರುತಿನಲ್ಲಿ ಐಎಸ್ 4151 ಎಂಬ ಸಂಖ್ಯೆ, ಕೆಳಗೆ ಲೈಸೆನ್ಸ್ ನಂಬರು ಇರುತ್ತದೆ. ಈ ಗುರುತು ಕೊಡುವ ಸರ್ಕಾರಿ ಸಂಸ್ಥೆ ಬಿಐಎಸ್. ಅದರ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ನಂಬರು ಹಾಕಿದರೆ ಅಸಲಿಯೋ ನಕಲಿಯೋ ತಿಳಿಯುತ್ತದೆ. 2021ರ ಜೂನ್‌ನಿಂದ ಈ ಗುರುತಿಲ್ಲದ ದ್ವಿಚಕ್ರ ವಾಹನದ ಹೆಲ್ಮೆಟ್ ಮಾರುವಂತೆಯೇ ಇಲ್ಲ. ಆದರೂ ರಸ್ತೆ ಬದಿಯಲ್ಲಿ ರಾಶಿ ಹಾಕಿ ಮಾರುವವುಗಳಲ್ಲಿ ಸ್ಟಿಕರ್ ಮಾತ್ರ ಅಂಟಿಸಿದವು ಕಾಣುತ್ತವೆ. ಒಳಗೆ ಬೆರಳಾಡಿಸಿ ನೋಡಿ, ಥರ್ಮಾಕೋಲಿನ ಬದಲು ಬರೀ ಸ್ಪಂಜು ಸಿಕ್ಕರೆ ಅದು ಪೊಲೀಸರಿಗೆ ತೋರಿಸುವ ಟೋಪಿ.

ನಮ್ಮ ಕಡೆಯವರು ಇನ್ನೊಂದು ನೋಡಬೇಕು, ಒಳಬಟ್ಟೆ ಬಿಚ್ಚಲು ಬರುತ್ತದೆಯೇ ಎಂದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನಲ್ಲಿ ಒದ್ದೆಯಾದದ್ದು ಒಣಗುವುದಿಲ್ಲ. ಬಿಚ್ಚಲು ಬಾರದ ಮೆತ್ತೆಗೆ ಎರಡೇ ವಾರದಲ್ಲಿ ಬೂಷ್ಟು ಹಿಡಿಯುತ್ತದೆ. ಒಮ್ಮೆ ಅತ್ತೆ ನನ್ನ ಮೇಲಿನ ಅಕ್ಕರೆಯಿಂದ ಹೊಸ ಹೆಲ್ಮೆಟ್ಟನ್ನು ಬಚ್ಚಲ ಒಲೆಯ ಮೇಲಿನ ಗಳಕ್ಕೆ, ಒದ್ದೆ ಬಟ್ಟೆಯ ಜೊತೆ ತೂಗುಹಾಕಿದ್ದರು. ಓಡಿಹೋಗಿ ಇಳಿಸಿದೆ. ಬೆಂಕಿಯ ಕಾವು ಥರ್ಮಾಕೋಲಿಗೆ ಆಗದು. ಈಗ ಒಳಬಟ್ಟೆಯನ್ನಷ್ಟೇ ಬಿಚ್ಚಿ, ಸ್ವಲ್ಪ ಶಾಂಪೂ ಹಾಕಿ ತೊಳೆದು ಗಳಕ್ಕೆ ಹಾಕುತ್ತೇನೆ. ಚಿಪ್ಪಿನೊಳಗೆ ಹಳೆ ಪತ್ರಿಕೆ ತುರುಕಿ ಫ್ಯಾನಿನ ಕೆಳಗಿಡುತ್ತೇನೆ. ಮುಂದಿನ ಗಾಜಿಗೆ ಪೆಟ್ರೋಲು, ಸ್ಪಿರಿಟ್ಟು ತಾಗಿಸುವುದಿಲ್ಲ, ಸಾಬೂನು ನೀರು ಸಾಕು. ಬಣ್ಣದ ಗಾಜು ಬೇಡ. ಮಂಜು ಕವಿದ ಬೆಳಿಗ್ಗೆ, ಮಳೆಯ ಸಂಜೆ, ಎರಡರಲ್ಲೂ ತಿಳಿಗಾಜೇ ದಾರಿ ತೋರಿಸುವುದು.

ಮಗಳಿಗೂ ಅಳೆದೇ ತಂದೆ. ಮೂರನೇ ಕ್ಲಾಸು, ತಲೆ 52. ಬೆಳೆಯುವ ಮಗು, ದೊಡ್ಡದು ತಂದರೆ ಎರಡು ವರ್ಷ ಬರುತ್ತದೆ ಎಂದು ಅತ್ತೆ ಅಂದರು. ಯೂನಿಫಾರ್ಮನ್ನು ನಾವು ಹಾಗೇ ಹೊಲಿಸುತ್ತೇವೆ, ನಿಜ. ಹೆಲ್ಮೆಟ್ಟಿನಲ್ಲಿ ಆ ಲೆಕ್ಕ ಹಾಕಲು ನನಗೆ ಧೈರ್ಯವಿಲ್ಲ. ನಾಲ್ಕು ವರ್ಷ ದಾಟಿದ ಯಾರೇ ಹಿಂದೆ ಕೂತರೂ ಹೆಲ್ಮೆಟ್ ಬೇಕೆಂದು ಮೋಟಾರು ವಾಹನ ಕಾಯ್ದೆಯೇ ಹೇಳುತ್ತದೆ.

ಹಳೆಯದು ಕೊಟ್ಟಿಗೆಯ ಮೊಳೆಯಲ್ಲಿ ನೇತಾಡುತ್ತಿತ್ತು. ನಮ್ಮ ತೋಟಕ್ಕೆ ಅಡಿಕೆ ಕೊನೆ ತೆಗೆಯಲು ಬರುವ ಅಣ್ಣ ಅದನ್ನು ನೋಡಿ, "ಅಮ್ಮ, ಚೆನ್ನಾಗೇ ಇದ್ಯಲ್ಲ, ನನ್ ಗಾಡಿಗೆ ಕೊಡಿ" ಅಂದರು. ಒಳಬಟ್ಟೆ ಸರಿಸಿ ಆ ತಗ್ಗು ತೋರಿಸಿದೆ. ಅವರು ಅದರಲ್ಲಿ ಹೆಬ್ಬೆರಳು ಇಟ್ಟು ನೋಡಿ ಸುಮ್ಮನಾದರು. ಅವರೆದುರೇ ಎರಡೂ ಪಟ್ಟಿ ಕತ್ತರಿಸಿ ಹಾಕಿದೆ, ಮತ್ತೆ ಯಾರೂ ತಲೆಗೆ ಏರಿಸದಿರಲಿ ಎಂದು. ಆಮೇಲೆ ಚೀಲದಿಂದ ಟೇಪು ತೆಗೆದು ಅವರನ್ನು ಜಗಲಿಯ ಮೇಲೆ ಕೂರಿಸಿದೆ. 58 ಬಂತು.