ಸೂರಿನ ದೋಣಿ: ಮಳೆಗಾಲಕ್ಕೆ ಮುಂಚಿನ ಒಂದು ಬೆಳಗಿನ ಕೆಲಸ

ಮಳೆ ಬಿರುಸಾಗಿ ಹೊಯ್ಯುವಾಗ ಒಮ್ಮೆ ಕೊಡೆ ಹಿಡಿದು ಮನೆಯ ಸುತ್ತ ಬನ್ನಿ. ಸೂರಿನ ಅಂಚಿಗೆ ಕಟ್ಟಿದ ದೋಣಿ, ಅಂಗಡಿಯಲ್ಲಿ ಗಟರ್ ಎಂದು ಕೇಳಿದರೆ ಕೊಡುವ ಆ ಉದ್ದನೆಯ ಕಾಲುವೆ, ತುಂಬಿ ಅಂಚಿನಿಂದ ಸುರಿಯುತ್ತಿದೆಯೇ? ಇಳಿಪೈಪಿನ ಬಾಯಲ್ಲಿ ಮಾತ್ರ ನೂಲಿನಂತೆ ನೀರು ಬರುತ್ತಿದೆಯೇ? ಹಾಗಿದ್ದರೆ ದೋಣಿ ಕಟ್ಟಿಕೊಂಡಿದೆ. ಮಳೆಯಿಲ್ಲದಾಗಲೂ ಗುರುತು ಸಿಗುತ್ತದೆ: ಗೋಡೆಯ ಮೇಲೆ ಇಳಿದ ಕಪ್ಪು ಗೆರೆ, ಸೂರಿನ ಕೆಳಗೆ ಗುಳಿಬಿದ್ದ ಮಣ್ಣು, ದೋಣಿಯೊಳಗಿಂದ ತಲೆಯೆತ್ತಿದ ಹುಲ್ಲು.

ಇದನ್ನು ಸಣ್ಣ ವಿಷಯ ಎಂದು ಬಿಡಬೇಡಿ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 100 ಚದರ ಮೀಟರ್ ಚಾವಣಿಗೆ 20 ಮಿ.ಮೀ. ಮಳೆಯಾದರೆ 2,000 ಲೀಟರ್. ಅಷ್ಟೂ ಗೋಡೆಯ ಬುಡಕ್ಕೇ ಬಿದ್ದರೆ ಪಾಯದ ಪಕ್ಕದ ಮಣ್ಣು ಕೊಚ್ಚುತ್ತದೆ, ಗೋಡೆ ತೇವ ಹೀರುತ್ತದೆ, ಬಣ್ಣ ಚಕ್ಕೆಯೇಳುತ್ತದೆ. ದೋಣಿಯಲ್ಲೇ ನಿಂತ ನೀರು ಸೊಳ್ಳೆಗೆ ತೊಟ್ಟಿಲು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬಲಿತು ಹಾರಲು ಬೆಚ್ಚಗಿನ ದಿನಗಳಲ್ಲಿ ಏಳರಿಂದ ಹತ್ತು ದಿನ ಸಾಕು.

ವರ್ಷಕ್ಕೆ ಎರಡು ಸಲ, ಎಲೆ ಉದುರಿ ಮುಗಿದ ಮೇಲೆ ಮತ್ತು ಮಳೆಗಾಲಕ್ಕೆ ಸ್ವಲ್ಪ ಮುಂಚೆ, ದೋಣಿಯ ಕಸ ಬಳಿದು ತೆಗೆದರೆ ಸಾಮಾನ್ಯ ಮನೆಗೆ ಸಾಕು. ಚಾವಣಿಯ ಮೇಲೆ ಮರ ಚಾಚಿದ್ದರೆ ಇನ್ನೂ ಒಂದೆರಡು ಸಲ ಬೇಕು.

ಮೊದಲು ಏಣಿ

ಈ ಕೆಲಸದಲ್ಲಿ ಅಪಾಯವಿರುವುದು ಕಸದಲ್ಲಲ್ಲ, ಏಣಿಯಲ್ಲಿ. ಗಟ್ಟಿ ನೆಲದ ಮೇಲೆ ಇಡಿ. ಏಣಿ ಒರಗುವ ಎತ್ತರ ನಾಲ್ಕು ಅಡಿಯಾದರೆ ಬುಡ ಗೋಡೆಯಿಂದ ಒಂದು ಅಡಿ ದೂರ, ಹನ್ನೆರಡು ಅಡಿಯಾದರೆ ಮೂರು ಅಡಿ. ದೋಣಿಗೇ ಒರಗಿಸಬೇಡಿ: ಪಿವಿಸಿ ಸೀಳುತ್ತದೆ, ತಗಡು ನಗ್ಗುತ್ತದೆ, ಏಣಿ ಪಕ್ಕಕ್ಕೆ ಜಾರುತ್ತದೆ. ಏಣಿಯ ತಲೆಗೆ ಸಿಕ್ಕಿಸುವ ಕವಲು ಚೌಕಟ್ಟು ಸಿಗುತ್ತದೆ, ಅದು ದೋಣಿಯನ್ನು ಬಿಟ್ಟು ಗೋಡೆಗೆ ಆನುತ್ತದೆ. ಹತ್ತಿರದಲ್ಲಿ ವಿದ್ಯುತ್ ತಂತಿಯಿದ್ದರೆ ಅಲ್ಯುಮಿನಿಯಂ ಏಣಿ ಬೇಡವೇ ಬೇಡ. ಕೆಳಗೆ ಒಬ್ಬರು ಹಿಡಿದು ನಿಲ್ಲಲಿ. ಕೈ ನಿಲುಕುವಷ್ಟನ್ನು ಮಾತ್ರ ಬಳಿದು, ಇಳಿದು, ಏಣಿ ಸರಿಸಿ ಮತ್ತೆ ಹತ್ತಿ. ಇನ್ನೊಂದು ಗೇಣು ಬಾಗಿದರೆ ಮುಗಿಯುತ್ತದಲ್ಲ ಎನಿಸುವ ಗಳಿಗೆಯಲ್ಲೇ ಜನ ಬೀಳುವುದು. ಎರಡನೇ ಮಹಡಿಯ ಸೂರಾದರೆ ಕೆಲಸ ಬಲ್ಲವರನ್ನು ಕರೆಯಿರಿ.

ಹತ್ತುವ ಮುನ್ನ ಕೆಳಗಿನಿಂದಲೇ ಕಣಜದ ಗೂಡಿದೆಯೇ ನೋಡಿ. ದಪ್ಪ ಕೈಗವಸು ಹಾಕಿ, ಎಲೆಯ ಅಡಿಯಲ್ಲಿ ಚೇಳು ಇರಬಹುದು. ಹಕ್ಕಿ ಹಿಕ್ಕೆ ಒಣಗಿದ್ದರೆ ನೀರು ಚಿಮುಕಿಸಿ, ಮಾಸ್ಕ್ ಕಟ್ಟಿ. ಹಳೆಯ ಕಲ್ನಾರು (ಆಸ್ಬೆಸ್ಟಾಸ್) ಸಿಮೆಂಟಿನ ದೋಣಿಯಾದರೆ ಒಣಗಿದ್ದಾಗ ಉಜ್ಜುವುದು, ಕೊರೆಯುವುದು, ಒತ್ತಡದ ನೀರು ಹಾಯಿಸುವುದು ಕೂಡದು. ಅದರ ನಾರು ಉಸಿರಿಗೆ ಸೇರಿದರೆ ಶ್ವಾಸಕೋಶಕ್ಕೆ ಕೇಡು.

ಬಳಿಯುವುದು

ಮಳೆ ನಿಂತ ಒಂದೆರಡು ದಿನಕ್ಕೆ ಕಸ ಪಸೆಯಾಗಿ, ಕೈಗೆ ಹಿಡಿಯಾಗಿ ಬರುತ್ತದೆ. ಐದು ಲೀಟರಿನ ಹಳೇ ಪ್ಲಾಸ್ಟಿಕ್ ಕ್ಯಾನನ್ನು ಹಿಡಿ ಉಳಿಯುವಂತೆ ಓರೆಯಾಗಿ ಕತ್ತರಿಸಿದರೆ ಬಾಗುವ ಅಂಚಿನ ಒಳ್ಳೆಯ ಮೊಗೆಯುವ ಸಾಧನ ಸಿದ್ಧ. ಕಬ್ಬಿಣದ ಕರಣೆ ಬೇಡ, ಅದು ತಗಡಿನ ಸತುವಿನ ಲೇಪ ಗೀರುತ್ತದೆ, ಗೀರಿದಲ್ಲಿ ತುಕ್ಕು ಹಿಡಿಯುತ್ತದೆ. ಮೊದಲು ಇಳಿಪೈಪಿನ ಬಾಯಿಗೆ ಬಟ್ಟೆ ತುರುಕಿ, ಬಳಿದ ಕಸ ಒಳಗೆ ಬೀಳದಿರಲಿ. ಬಾಯಿಯ ಹತ್ತಿರದಿಂದ ಶುರುಮಾಡಿ ದೂರಕ್ಕೆ ಸಾಗಿ. ಕಸ ಬಕೆಟಿಗೆ ಹೋಗಲಿ, ಗೋಡೆಯ ಮೇಲೆ ಎರಚಬೇಡಿ.

ಎಲೆಯೆಲ್ಲ ತೆಗೆದ ಮೇಲೆ ತಳದಲ್ಲಿ ಕಾಫಿ ಗಸಿಯಂಥ ಕಪ್ಪು ರಾಡಿ ಉಳಿಯುತ್ತದೆ. ಬಹಳ ಜನ ಅದನ್ನು ಬಿಡುತ್ತಾರೆ. ಬೀಜ ಬೇರೂರುವುದು ಅದರಲ್ಲೇ. ಬ್ರಷ್ ಹಾಕಿ ಅದನ್ನೂ ತೆಗೆಯಿರಿ.

ಇನ್ನು ಇಳಿಪೈಪು. ನನ್ನ ಲೆಕ್ಕದಲ್ಲಿ ದೋಣಿಯ ತೊಂದರೆಗಳಲ್ಲಿ ಹೆಚ್ಚಿನವು ಇದರ ಬಾಯಲ್ಲೋ ಮೊದಲ ತಿರುವಿನಲ್ಲೋ ಹುಟ್ಟುತ್ತವೆ. ಬೆರಳ ಗೆಣ್ಣಿನಿಂದ ಪೈಪನ್ನು ಮೇಲಿನಿಂದ ಕೆಳಗೆ ತಟ್ಟುತ್ತ ಬನ್ನಿ. ಟೊಳ್ಳು ಸದ್ದು ಮಂದವಾದ ಜಾಗದಲ್ಲಿ ಕಸ ಕೂತಿದೆ. ಮೇಲಿನಿಂದ ರಭಸದ ನೀರು ಬಿಟ್ಟರೆ ಅದು ಇನ್ನೂ ಬಿಗಿಯುತ್ತದೆ. ಕೆಳಬಾಯಿಂದ ಗಟ್ಟಿ ತಂತಿ ತೂರಿಸಿ ಸಡಿಲಿಸಿ, ಆಮೇಲೆ ನೀರು ಬಿಡಿ.

ನೀರು ಹುಯ್ದು ನೋಡಿ

ಇದನ್ನು ಮಾಡದೆ ಏಣಿ ಒಳಗಿಡಬೇಡಿ. ಇಳಿಪೈಪಿನಿಂದ ಅತಿ ದೂರದ ತುದಿಯಲ್ಲಿ ಒಂದು ಬಕೆಟ್ ನೀರು ಹುಯ್ಯಿರಿ, ಅದು ನಡೆಯುವುದನ್ನು ನೋಡುತ್ತಿರಿ. ನಡುವೆ ಎಲ್ಲಾದರೂ ಮಡುಗಟ್ಟಿ ನಿಂತರೆ ಇಳಿಜಾರು ಕೆಟ್ಟಿದೆ. ಮೂರು ಮೀಟರಿಗೆ 6ರಿಂದ 15 ಮಿ.ಮೀ. ಇಳಿತವಿದ್ದರೆ ನೀರು ತಾನಾಗಿ ಹರಿಯುತ್ತದೆ. ದಾರ ಎಳೆದು ಕಟ್ಟಿ, ಜೋತುಬಿದ್ದ ಕಡೆ ಬ್ರ್ಯಾಕೆಟ್ ಎತ್ತಿ ಕೂರಿಸಿ. ಬ್ರ್ಯಾಕೆಟ್‌ಗಳ ನಡುವೆ 60ರಿಂದ 90 ಸೆಂ.ಮೀ. ಮೀರದಿರಲಿ. ಹತ್ತು ಸೆಂ.ಮೀ. ಅಗಲ, ಹತ್ತು ಸೆಂ.ಮೀ. ಆಳದ ದೋಣಿ ಕಟ್ಟಿಕೊಂಡು ತುಂಬಿದರೆ ಮೀಟರಿಗೆ ಹತ್ತು ಕಿಲೋ ಭಾರ. ಆರು ಮೀಟರಿಗೆ 60 ಕಿಲೋ. ಸ್ಕ್ರೂ ಕಿತ್ತುಬರುವುದು ಇದಕ್ಕೇ.

ಜೋಡಣೆಯಲ್ಲಿ ಹನಿ ಕಂಡರೆ ಸೀಸದ ಕಡ್ಡಿಯಿಂದ ಗುರುತು ಹಾಕಿ. ಪೂರಾ ಒಣಗಲಿ. ಹಳೆಯ ಅಂಟು ಕೆರೆದು, ಒರೆಸಿ, ಒಳಗಡೆಯಿಂದ ಸಿಲಿಕೋನ್ ಸೀಲಂಟ್ ಎಳೆಯಿರಿ. ತೇವದ ಮೇಲೆ ಹಾಕಿದ್ದು ನಿಲ್ಲದು. ಪಿವಿಸಿ ದೋಣಿಯ ತುದಿಗಳನ್ನು ಬಿಗಿದು ಸೇರಿಸಬೇಡಿ: ತಂಪಿಗೂ ಸುಡುಬಿಸಿಲಿಗೂ ನಡುವೆ ಆರು ಮೀಟರಿನ ತುಂಡು ಸುಮಾರು ಒಂದು ಸೆಂ.ಮೀ. ಹಿಗ್ಗಿ ಕುಗ್ಗುತ್ತದೆ. ಎಡೆಯಿಲ್ಲದಿದ್ದರೆ ಸೊಟ್ಟಗಾಗಿ ಜೋಡಣೆ ಬಿಚ್ಚುತ್ತದೆ.

ಜಾಲರಿ ಹಾಕಿಸಿದರೆ ಎಲೆ ನಿಲ್ಲುತ್ತದೆ, ಧೂಳೂ ಸಣ್ಣ ಬೀಜವೂ ನಿಲ್ಲುವುದಿಲ್ಲ. ಹಾಗಾಗಿ ಜಾಲರಿಯಿದ್ದರೂ ವರ್ಷಕ್ಕೊಮ್ಮೆ ಎತ್ತಿ ನೋಡಲೇಬೇಕು. ಇಳಿಪೈಪಿನ ಬಾಯಿಗೆ ತಂತಿಯ ಬುಟ್ಟಿ ಮಾತ್ರ ತಪ್ಪದೆ ಕೂರಿಸಿ, ಅಗ್ಗದ ವಸ್ತು, ದೊಡ್ಡ ಕೆಲಸ ಉಳಿಸುತ್ತದೆ.

ಕೊನೆಗೆ ಪೈಪಿನ ಕೆಳತುದಿ ನೋಡಿ. ನೀರು ಗೋಡೆಯ ಬುಡದಲ್ಲೇ ಬೀಳುತ್ತಿದ್ದರೆ ಒಂದು ತುಂಡು ಪೈಪು ಜೋಡಿಸಿ ಕನಿಷ್ಠ ಒಂದೂವರೆ ಮೀಟರ್ ಆಚೆಗೆ, ನೆಲದ ಇಳಿಜಾರಿನ ಕಡೆಗೆ ತಿರುಗಿಸಿ.