ತೆಂಗಿನ ತೋಟದಲ್ಲಿ 30×20ರ ಶೆಡ್: ನಾವೇ ನಿಂತು ಕಟ್ಟಿದ್ದು

ತಿಪಟೂರು, ಅರಸೀಕೆರೆ ಕಡೆ ತೋಟದ ಶೆಡ್ ಅಂದರೆ ಕಾಯಿ ರಾಶಿ, ರಾಗಿ ಹುಲ್ಲು, ಟಿಲ್ಲರ್, ಗೊಬ್ಬರದ ಮೂಟೆ ಎಲ್ಲಕ್ಕೂ ಅದೇ ಸೂರು. ಕಂಬ ಹೂಳಿ, ಮೇಲೆ ಟ್ರಸ್ (ಸೂರು ಹೊರುವ ತ್ರಿಕೋನದ ಚೌಕಟ್ಟು) ಕೂರಿಸಿ, ಶೀಟು ಹೊದಿಸಿದರೆ ಆಯಿತು. ಇಂಥ ಶೆಡ್ಡು ಭಾರಕ್ಕೆ ಕುಸಿದದ್ದು ಅಪರೂಪ, ಗಾಳಿಗೆ ಹಾರಿದ್ದೇ ಹೆಚ್ಚು. ಆದ್ದರಿಂದ ಲೆಕ್ಕ ಶುರುವಾಗಬೇಕಾದದ್ದು ಗಾಳಿಯಿಂದ.

ನಾವು ಕಟ್ಟಿದ್ದು 30 ಅಡಿ ಉದ್ದ, 20 ಅಡಿ ಅಗಲ. ಉದ್ದಕ್ಕೆ 10 ಅಡಿಗೊಂದರಂತೆ ಎರಡು ಸಾಲಿನಲ್ಲಿ ಒಟ್ಟು 8 ಕಂಬ. ಸೂರಿನಂಚಿನ ಎತ್ತರ 10 ಅಡಿ, ನಡುವೆ 13. ಶೀಟು, ಪರ್ಲಿನ್ (ಶೀಟು ಕೂರಲು ಟ್ರಸ್ಸುಗಳ ಮೇಲೆ ಅಡ್ಡ ಹಾಕುವ ಪೈಪು), ಟ್ರಸ್ ಎಲ್ಲ ಸೇರಿ ಮೇಲಿನ ತೂಕ 900 ಕೆಜಿ ಆಸುಪಾಸು. ಕಟ್ಟಡಗಳ ಮೇಲಿನ ಹೊರೆಗೆ ಇರುವ ಭಾರತೀಯ ಮಾನಕ ಐಎಸ್ 875ರ 3ನೇ ಭಾಗದಲ್ಲಿ ಬೆಂಗಳೂರಿಗೆ ಕೊಟ್ಟಿರುವ ಗಾಳಿಯ ವೇಗ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39. 33 ಅಂದುಕೊಂಡರೂ ಒಂದು ಚದರ ಮೀಟರಿಗೆ ಸುಮಾರು 66 ಕೆಜಿ ಒತ್ತಡ. ನಾಲ್ಕೂ ಕಡೆ ತೆರೆದ ಶೆಡ್ಡಿನೊಳಗೆ ನುಗ್ಗಿದ ಗಾಳಿ ಶೀಟನ್ನು ಕೆಳಗಿನಿಂದ ಎತ್ತುತ್ತದೆ. ಹೊರಗೆ ಚಾಚಿದ್ದೂ ಸೇರಿ 77 ಚದರ ಮೀಟರ್ ಸೂರಿಗೆ ಸ್ಥೂಲವಾಗಿ 5 ಟನ್ ಮೇಲೆತ್ತುವ ಬಲ. ಸೂರಿನ ತೂಕ ಕಳೆದರೆ 4 ಟನ್ ಉಳಿಯಿತು. ನಡುವಿನ ಒಂದೊಂದು ಕಂಬದ ಪಾಲಿಗೆ 600 ಕೆಜಿ. ಅಷ್ಟನ್ನು ನೆಲದೊಳಗಿನ ಕಾಂಕ್ರೀಟು ಹಿಡಿದುಕೊಳ್ಳಬೇಕು.

ಹಾಗಾಗಿಯೇ ಗುಂಡಿ 2 ಅಡಿ ಚೌಕ, 3 ಅಡಿ ಆಳದ ಕಾಂಕ್ರೀಟಿಗೆ. ಅದೊಂದೇ 800 ಕೆಜಿ ತೂಗುತ್ತದೆ. ಒಂದೂವರೆ ಅಡಿ ಚೌಕ ಸಾಕು ಅನ್ನುವವರಿದ್ದಾರೆ. ಅಲ್ಲಿ ತೂಕ 460 ಕೆಜಿಗೆ ಇಳಿಯುತ್ತದೆ, ಮಿಕ್ಕಿದ್ದು ಮಣ್ಣಿನ ಹಿಡಿತದ ಮೇಲೆ ಭರವಸೆ. ಹಾರೆಯಲ್ಲಿ ತೋಡುವಾಗ ಗುಂಡಿ ತಾನಾಗಿಯೇ ಕೆಳಗೆ ಕಿರಿದಾಗುತ್ತಾ ಹೋಗುತ್ತದೆ. ಹಾಗಾದರೆ ಕಾಂಕ್ರೀಟು ಬೆಣೆಯ ಆಕಾರಕ್ಕೆ ಬಂದು ಎಳೆದರೆ ಸಲೀಸಾಗಿ ಎದ್ದು ಬರುತ್ತದೆ. ತಳವನ್ನೇ ಎರಡು ಇಂಚು ಅಗಲ ಮಾಡಿ. ಇದು ಕೆಮ್ಮಣ್ಣಿನ ಮಾತು. ಎರೆ ಮಣ್ಣು ಬೇಸಿಗೆಯಲ್ಲಿ ಬಿರಿದು ಮಳೆಯಲ್ಲಿ ಉಬ್ಬುತ್ತದೆ, ಕಂಬವನ್ನೂ ಜೊತೆಗೆ ಎತ್ತುತ್ತದೆ. ಅಲ್ಲಿ ಗಟ್ಟಿ ಗರಸು ಸಿಗುವವರೆಗೆ ಇಳಿಯಲೇಬೇಕು.

ಕಂಬಕ್ಕೆ 3 ಇಂಚಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು, ಬಿ ಕ್ಲಾಸ್. ಅಂಗಡಿಯಲ್ಲಿ ಬಣ್ಣದ ಪಟ್ಟಿ ನೋಡಿ: ಹಳದಿ ಹಗುರದ್ದು, ನೀಲಿ ಮಧ್ಯಮ, ಕೆಂಪು ಭಾರದ್ದು. ನಮಗೆ ಬೇಕಾದ್ದು ನೀಲಿ. 20 ಅಡಿಯ ಪೈಪು 50 ಕೆಜಿ ತೂಗಬೇಕು. 40ರ ಹತ್ತಿರ ಬಂದರೆ ಹಳದಿಯದ್ದನ್ನೇ ಕೊಟ್ಟಿದ್ದಾರೆ ಅಂತ ಲೆಕ್ಕ. 13 ಅಡಿ 3 ಇಂಚಿಗೆ ಕತ್ತರಿಸಿದ ಮೇಲೆ ಉಳಿಯುವ ತುಂಡುಗಳು ತೋಟದ ಗೇಟಿಗೆ ಆಗುತ್ತವೆ. ಬುಡದಲ್ಲಿ 12 ಎಂಎಂ ಕಂಬಿಯ ಒಂದಡಿ ತುಂಡು ಎರಡನ್ನು ಅಡ್ಡಡ್ಡ ಬೆಸೆದರೆ ಪೈಪು ಕಾಂಕ್ರೀಟಿನೊಳಗಿಂದ ಜಾರುವುದಿಲ್ಲ. ಜಿಐಗೆ ಬೆಸುಗೆ ಹಾಕುವ ಕಡೆ ಸತುವಿನ ಲೇಪ ಉಜ್ಜಿ ತೆಗೆಯಿರಿ. ಆ ಹೊಗೆ ಕುಡಿದರೆ ರಾತ್ರಿಗೆ ಚಳಿಜ್ವರ ಬರುತ್ತದೆ, ಬಯಲಿನಲ್ಲೇ ಕೆಲಸ ಮಾಡಿ.

ಮೂಲೆ ಮಟ್ಟಕ್ಕೆ ದಾರ ಕಟ್ಟಿ ಕರ್ಣ ಅಳೆಯಬೇಕು. 30 ಮತ್ತು 20ಕ್ಕೆ ಎರಡೂ ಕರ್ಣ 36 ಅಡಿ ಮುಕ್ಕಾಲು ಇಂಚಿಗೆ ಕೂದಲೆಳೆ ಕಡಿಮೆ ಬರಬೇಕು. ಇಲ್ಲಿ ಎರಡು ಇಂಚು ತಪ್ಪಿದರೆ ಶೀಟು ಹೊದಿಸುವ ದಿನ ಸೂರಿನಂಚು ಗರಗಸದ ಹಲ್ಲಿನ ಹಾಗೆ ಕಾಣುತ್ತದೆ. ಮೊದಲು ನಾಲ್ಕು ಮೂಲೆ ಕಂಬ, ಅವುಗಳ ಹೊರಮೈಗೆ ದಾರ, ಆಮೇಲೆ ನಡುವಿನವು. ತೂಗುಗುಂಡನ್ನು ಎರಡು ಮಗ್ಗುಲಿನಿಂದ ಹಿಡಿದು ನೋಡಿ ಹಗ್ಗ ಬಿಗಿಯಬೇಕು.

ಗುಂಡಿಯ ತಳದ ಸಡಿಲು ಮಣ್ಣು ಬಾಚಿ 4 ಇಂಚು ಕಾಂಕ್ರೀಟಿನ ಬೆಡ್ ಹಾಕಿ ಅದರ ಮೇಲೆ ಕಂಬ. ಸಿಮೆಂಟು, ಮರಳು, ಜಲ್ಲಿಯ ಮಿಶ್ರಣ 1:2:4. ಎಂಟು ಗುಂಡಿಗೆ 18 ಮೂಟೆ ಸಿಮೆಂಟು, 42 ಘನ ಅಡಿ ಎಂ-ಸ್ಯಾಂಡ್, 85 ಘನ ಅಡಿ 20 ಎಂಎಂ ಜಲ್ಲಿ. ಬೆಡ್ಡಿಗೆ ಇನ್ನೆರಡು ಮೂಟೆ ಹೆಚ್ಚಿಗೆ ಇರಲಿ. ನೀರು ಜಾಸ್ತಿ ಹೊಯ್ದರೆ ಸುರಿಯಲು ಸುಲಭ, ಗಟ್ಟಿತನ ಹೋಯಿತು. ಕಂಬಿಯಿಂದ ಕುಟ್ಟುತ್ತಾ ತುಂಬಿ. ಏಳು ದಿನ ಗೋಣಿಚೀಲ ಹೊದಿಸಿ ನೀರುಣಿಸಿ, ಅಲ್ಲಿಯವರೆಗೆ ಕಂಬಕ್ಕೆ ಏಣಿ ಕೂಡ ಒರಗಿಸಬೇಡಿ.

ಮರದ ಕಂಬವಾದರೆ ಗೆದ್ದಲು, ಕೊಳೆತ, ಕಬ್ಬಿಣವಾದರೆ ತುಕ್ಕು. ಎರಡೂ ತಿನ್ನುವುದು ಒಂದೇ ಜಾಗವನ್ನು, ನೆಲ ಮುಟ್ಟುವಲ್ಲಿ. ಕಾಂಕ್ರೀಟನ್ನು ನೆಲದ ಮಟ್ಟಕ್ಕೇ ನಿಲ್ಲಿಸಿದರೆ ಪೈಪಿನ ಸುತ್ತ ಒಂದು ಬಟ್ಟಲಾಗಿ ನೀರು ನಿಲ್ಲುತ್ತದೆ. ದನ ಕಟ್ಟಿದರೆ ಗಂಜಲ, ಯೂರಿಯಾ ಇಟ್ಟರೆ ಅದರ ಪುಡಿ, ಇವು ಸತುವನ್ನು ಬೇಗ ತಿನ್ನುತ್ತವೆ. ಕಾಂಕ್ರೀಟು ನೆಲದಿಂದ 6 ಇಂಚು ಮೇಲೆ ಬರಲಿ, ತಲೆ ಸುತ್ತಲೂ ಇಳಿಜಾರಾಗಿರಲಿ. ಪೈಪು ಕಾಂಕ್ರೀಟಿನಿಂದ ಹೊರಬರುವ ಜಾಗದಲ್ಲಿ ಕೆಳಗೆ 6 ಇಂಚು, ಮೇಲೆ 6 ಇಂಚು ಮಾತ್ರ ಬಿಟುಮೆನ್ ಬಳಿಯಿರಿ. ಬುಡಪೂರ್ತಿ ಬಳಿದರೆ ಕಾಂಕ್ರೀಟಿಗೂ ಪೈಪಿಗೂ ಅಂಟೇ ಇರುವುದಿಲ್ಲ.

ಕಂಬಗಳ ತಲೆ ಸಮ ಮಾಡುವುದು ಈಗ. ಮೂರು ಇಂಚು ಹೆಚ್ಚಿಗೆ ಬಿಟ್ಟದ್ದು ಇದಕ್ಕೇ. ಟ್ಯೂಬ್ ಲೆವೆಲ್ (ಮಟ್ಟ ನೋಡಲು ನೀರು ತುಂಬಿದ ಪಾರದರ್ಶಕ ಕೊಳವೆ) ಹಿಡಿದು ಎಂಟೂ ಕಂಬಕ್ಕೆ ಗುರುತು ಹಾಕಿ ಗ್ರೈಂಡರಿನಲ್ಲಿ ಕತ್ತರಿಸಿ, 6 ಇಂಚು ಚೌಕದ 8 ಎಂಎಂ ಪ್ಲೇಟ್ ಬೆಸೆದೆವು. ಪ್ಲೇಟು ಪೈಪಿನ ಬಾಯನ್ನೂ ಮುಚ್ಚುತ್ತದೆ. ತೆರೆದ ಪೈಪಿನೊಳಗೆ ಇಳಿದ ನೀರು ಎಲ್ಲಿಗೂ ಹೋಗುವುದಿಲ್ಲ.

ಟ್ರಸ್ ನಾಲ್ಕು. ಮೇಲಿನ, ಕೆಳಗಿನ ಪೈಪು 50×50, 2.5 ಎಂಎಂ ದಪ್ಪ. ನಡುವಿನ ಓರೆಗಳಿಗೆ 40×40, 2 ಎಂಎಂ. ಮೊದಲನೆಯದನ್ನು ಕಣದ ಮೇಲೆ ಸುಣ್ಣದ ಗೆರೆ ಹಾಕಿ ಮಾಡಿ, ಉಳಿದ ಮೂರನ್ನು ಅದರ ಮೇಲೆಯೇ ಇಟ್ಟು ಬೆಸೆದರೆ ಅಳತೆ ಹೆಚ್ಚುಕಮ್ಮಿ ಆಗುವುದಿಲ್ಲ. ಒಂದೊಂದು 65 ಕೆಜಿ ಒಳಗೇ ಇರುವುದರಿಂದ ಹಗ್ಗ, ನಾಲ್ಕು ಜನ ಸಾಕು, ಕ್ರೇನ್ ಬೇಡ. ಟ್ರಸ್ಸಿನ ಪಾದಕ್ಕೂ ಪ್ಲೇಟು, ನಾಲ್ಕು 12 ಎಂಎಂ ಬೋಲ್ಟು, ಜೋಡಿ ನಟ್. ಏಣಿ ಮೇಲೆ ನಿಂತು ಹಾಕಿದ ಬೆಸುಗೆಯನ್ನು ನಾನು ನಂಬುವುದಿಲ್ಲ.

ಪರ್ಲಿನ್ 60×40, 2 ಎಂಎಂ, ಒಂದು ಬದಿಗೆ 4 ಸಾಲು, ಒಟ್ಟು 14 ಪೈಪು. ನೆತ್ತಿಯಿಂದ ಅರ್ಧ ಅಡಿ ಬಿಟ್ಟು ಮೊದಲನೆಯದು, ಆಮೇಲೆ 4, 4, ಕೊನೆಗೆ ಮೂರೂವರೆ ಅಡಿ. ಅಂಚಿನಲ್ಲಿ ಎಳೆತ ಜಾಸ್ತಿ, ಅದಕ್ಕೇ ಅಲ್ಲಿ ಹತ್ತಿರ. ಪರ್ಲಿನ್ನಿನ ಜೋಡಣೆ ಟ್ರಸ್ಸಿನ ಮೇಲೆಯೇ ಬರಲಿ, ಎಲ್ಲ ಸಾಲಿನದೂ ಒಂದೇ ಟ್ರಸ್ಸಿನ ಮೇಲೆ ಬೇಡ. ಎರಡೂ ಕೊನೆಯ ಅಂಕಣಗಳಲ್ಲಿ, ಸೂರಿನ ಮಟ್ಟದಲ್ಲೂ ಕಂಬದ ನಡುವೆಯೂ, 12 ಎಂಎಂ ಕಂಬಿ ಗುಣಾಕಾರದ ಚಿಹ್ನೆಯಂತೆ ಬಿಗಿಯಬೇಕು. ಖರ್ಚು ಉಳಿಸಲು ಜನ ಮೊದಲು ಬಿಡುವುದು ಇದನ್ನೇ. ಆಮೇಲೆ ಗಾಳಿಗೆ ಶೆಡ್ಡು ತೂಗಾಡಿ ಸ್ಕ್ರೂ ತೂತುಗಳೆಲ್ಲ ಅಗಲವಾಗುತ್ತವೆ.

ಶೀಟಿನ ಅಳತೆ ಕೊಡುವುದು ಪರ್ಲಿನ್ ಕೂತ ಮೇಲೆ. ಬೇಕಾದ ಉದ್ದಕ್ಕೇ ಕತ್ತರಿಸಿ ಕೊಡುತ್ತಾರೆ. ನಮಗೆ 0.5 ಎಂಎಂ ದಪ್ಪದ, 12 ಅಡಿ 6 ಇಂಚಿನ 20 ಶೀಟು. ನೆತ್ತಿ ಪೂರ್ವ ಪಶ್ಚಿಮವಾಗಿದ್ದು ಆಷಾಢದ ಗಾಳಿ ಪಶ್ಚಿಮದಿಂದ ಬರುವುದರಿಂದ ಹೊದಿಕೆ ಪೂರ್ವದ ತುದಿಯಿಂದ ಶುರು. ಆಗ ಮೇಲಿನ ಶೀಟಿನ ಅಂಚು ಗಾಳಿಗೆ ಬೆನ್ನು ಹಾಕುತ್ತದೆ. ಸ್ಕ್ರೂ 55 ಎಂಎಂ, ಉಬ್ಬಿನ ಮೇಲೆ. ತಗ್ಗಿನಲ್ಲಿ ಹೊಡೆದರೆ ಅಲ್ಲೇ ನೀರು ಹರಿಯುವುದು. ನೆತ್ತಿ ಮತ್ತು ಅಂಚಿನ ಪರ್ಲಿನ್ನಿಗೆ ಪ್ರತಿ ಉಬ್ಬಿಗೂ, ನಡುವೆ ಒಂದು ಬಿಟ್ಟು ಒಂದಕ್ಕೆ. 450 ಸ್ಕ್ರೂ ತಂದಿಡಿ. ರಬ್ಬರ್ ವಾಷರ್ ತಗಡಿನ ಅಂಚಿನಿಂದ ಚೂರು ಇಣುಕಿದರೆ ಬಿಗಿ ಸರಿ. ಚಪ್ಪಟೆಯಾಗಿ ಹೊರಗೆ ಹರಡಿ, ಉಬ್ಬು ಒಳಕ್ಕೆ ಕುಸಿದಿದ್ದರೆ ಅತಿಯಾಯಿತು, ಎರಡು ಬೇಸಿಗೆಗೆ ರಬ್ಬರ್ ಸೀಳುತ್ತದೆ. ಸಂಜೆ ಇಳಿಯುವ ಮುಂಚೆ ಡ್ರಿಲ್ಲಿನ ಕಬ್ಬಿಣದ ಪುಡಿಯನ್ನು ಮೆತ್ತನೆ ಪೊರಕೆಯಲ್ಲಿ ಗುಡಿಸಿ. ಒಂದು ಇಬ್ಬನಿ ಬಿದ್ದರೆ ಸಾಕು, ಹೊಸ ಶೀಟಿನ ತುಂಬ ಕಂದು ಚುಕ್ಕೆ.

ಆಮೇಲೆ ಬರುವ ಆಸೆ, ಮೂರು ಕಡೆ ತಗಡು ಹೊಡೆದು ಒಂದು ಕಡೆ ತೆರೆದಿಡುವುದು. ಆ ತೆರೆದ ಕಡೆಯಿಂದಲೇ ಗಾಳಿ ಬಂದರೆ ಶೆಡ್ಡು ಗಾಳಿ ತುಂಬಿದ ಚೀಲವಾಗುತ್ತದೆ, ಮೇಲಿನ 5 ಟನ್ ಲೆಕ್ಕ ಸಾಲುವುದಿಲ್ಲ. ಆಷಾಢಕ್ಕೆಂದು ಪಶ್ಚಿಮ ಮುಚ್ಚಿ ಪೂರ್ವ ಬಿಟ್ಟವರಿಗೆ ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಯಾವ ದಿಕ್ಕಿನಿಂದಲೂ ಬರಬಹುದು. ನಾವು ಮುಚ್ಚಿದ್ದು ಪಶ್ಚಿಮ ಒಂದನ್ನೇ, ಅದೂ ಸೂರಿನ ಕೆಳಗೆ ಒಂದೂವರೆ ಅಡಿ ಸಂದು ಬಿಟ್ಟು. ರಾಗಿ ಹುಲ್ಲಿಗೂ ಕಾಯಿಗೂ ಆ ಸಂದಿನ ಗಾಳಿಯೇ ಬೇಕು.