ಮೂರು ಚೀಲ, ಒಂದೇ ರೀಡಿಂಗ್

ಸಮ್ಮರ್ ಇಂಟರ್ನ್‌ಶಿಪ್ ಅಂತ ಹೆಸರು. ನಾನು ಹೋದಾಗ ಚಿಕ್ಕಮಗಳೂರಲ್ಲಿ ಜೂನ್ ಮಳೆ ಹಿಡಿದುಕೊಂಡಿತ್ತು. ಹಾಸನದಲ್ಲಿ ಮೆಕ್ಯಾನಿಕಲ್ ಮೂರನೇ ವರ್ಷ ಮುಗಿಸಿದ್ದೆ. ಗೆಳತಿಯರು ಬೆಂಗಳೂರಿನ ಕಂಪನಿಗಳಿಗೆ ಹೊರಟರು. ನನಗೆ ಸಿಕ್ಕಿದ್ದು ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್, ನಾಲ್ಕು ವಾರ. ಬೆಳಿಗ್ಗೆ ಬೇಲೂರು ಮೇಲೆ ಹೋಗುವ ಕೆಂಪು ಬಸ್ಸು, ಹೆಚ್ಚುಕಮ್ಮಿ 60 ಕಿಲೋಮೀಟರ್. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾದ ಮೇಲೆ ನಮಗೆ ಟಿಕೆಟ್ ದುಡ್ಡಿಲ್ಲ. ಇಲ್ಲದಿದ್ದರೆ ಮನೆಯಲ್ಲಿ ಕಳಿಸುತ್ತಿದ್ದರೋ ಇಲ್ಲವೋ.

ತೋಟದಿಂದ ಕಾಫಿ ಇಲ್ಲಿಗೆ ಎರಡು ರೂಪದಲ್ಲಿ ಬರುತ್ತದೆ. ಹಣ್ಣನ್ನು ಪಲ್ಪ್ ಮಾಡಿ ತೊಳೆದು ಒಣಗಿಸಿದ್ದು ಪಾರ್ಚ್‌ಮೆಂಟ್. ಹಣ್ಣು ಹಾಗೇ ಒಣಗಿಸಿದ್ದು ಚೆರ್ರಿ. ಸಿಪ್ಪೆ ತೆಗೆದು, ಜರಡಿ ಹಿಡಿದು, ಗ್ರೇಡ್ ಮಾಡುವುದು ಕ್ಯೂರಿಂಗ್‌ನವರ ಕೆಲಸ. 50 ಕಿಲೋ ಪಾರ್ಚ್‌ಮೆಂಟ್ ಕೊಟ್ಟರೆ 40 ಕಿಲೋ ಆಸುಪಾಸು ಬೀಜ ಸಿಗುತ್ತದೆ, ಚೆರ್ರಿಯಾದರೆ ಅರ್ಧದಷ್ಟು. ಅದಕ್ಕೇ ಇಲ್ಲಿ ಎಲ್ಲರ ಬಾಯಲ್ಲೂ ಔಟ್‌ಟರ್ನ್, ಔಟ್‌ಟರ್ನ್.

ನನಗೆ ಕೊಟ್ಟಿದ್ದು ಮಾಯಿಶ್ಚರ್ ರಿಜಿಸ್ಟರ್. ಪಾರ್ಚ್‌ಮೆಂಟ್‌ನ ತೇವ ಶೇ. 10ರ ಹತ್ತಿರ ಇರಬೇಕು. ಜಾಸ್ತಿ ಇದ್ದರೆ ಸಿಪ್ಪೆ ತೆಗೆಯುವ ಹಲ್ಲರ್ ಮೆಷಿನ್‌ನಲ್ಲಿ ಬೀಜ ಜಜ್ಜುತ್ತದೆ, ಇಟ್ಟರೆ ಬೂಸ್ಟು ಹಿಡಿಯುತ್ತದೆ. ತೀರಾ ಒಣಗಿದ್ದರೆ ಪುಡಿಪುಡಿ. ಒಂದೊಂದು ಲಾಟ್‌ನಲ್ಲೂ ಮೂರು ಚೀಲ ಚುಚ್ಚಿ ಮಾದರಿ ತೆಗೆದು, ಮೂರನ್ನೂ ಮೀಟರ್‌ಗೆ ಹಾಕಿ ಬರೆಯಬೇಕು. ಬರೀ ಇಷ್ಟೇ.

ಇಲ್ಲಿ ಕಾಲೇಜಿನ ವಿದ್ಯೆ ಕೆಲಸಕ್ಕೆ ಬಂತು, ಕೆಟ್ಟ ರೀತಿಯಲ್ಲಿ. ನಮ್ಮ ಲ್ಯಾಬ್‌ನಲ್ಲಿ ಉತ್ತರ ಮೊದಲು, ರೀಡಿಂಗ್ ಆಮೇಲೆ. ಉಕ್ಕಿನ ಯಂಗ್ಸ್ ಮಾಡ್ಯುಲಸ್ 200 ಗಿಗಾಪ್ಯಾಸ್ಕಲ್ ಬರಬೇಕು ಅಂತ ಎಲ್ಲರಿಗೂ ಗೊತ್ತು. ಎರಡು ರೀಡಿಂಗ್ ತೆಗೆದು, ಉಳಿದ ಆರನ್ನು ಹಿಂದಿನಿಂದ ಲೆಕ್ಕ ಹಾಕಿ ಕೂರಿಸುತ್ತಿದ್ದೆವು. ತೀರಾ ಸರಿಯಾಗಿ ಬಂದರೆ ಅನುಮಾನ ಅಂತ ಸ್ವಲ್ಪ ತಪ್ಪನ್ನೂ ಸೇರಿಸುತ್ತಿದ್ದೆವು. ಅಷ್ಟು ಪಳಗಿದ ಕೈ.

ಎರಡನೇ ವಾರ, ಸಂಜೆ, ಬಸ್ಸಿನ ಹೊತ್ತಾಗಿತ್ತು. ಒಂದು ಚೀಲ ನೋಡಿದೆ, 10.2. ಉಳಿದ ಎರಡು ಅಟ್ಟಿಯ ಹಿಂದೆ, ಗೋಡೆ ಕಡೆ ಇದ್ದವು. ಸುಮ್ನೆ 10.1, 10.2 ಅಂತ ಬರೆದುಬಿಟ್ಟೆ.

ಮಾರನೇ ದಿನ ಸೂಪರ್‌ವೈಸರ್ ಸಾರ್ ರಿಜಿಸ್ಟರ್ ಮೇಲೆ ಬೆರಳಿಟ್ಟರು. "ಏನಮ್ಮಾ, ಮೂರೂ ಒಂದೇ ತಾಯಿ ಮಕ್ಕಳಾ?"

ನಾನು ಮಾತಾಡಲಿಲ್ಲ. ಅವರೇ ಕೊಳವೆ ತಗೊಂಡು ಗೋಡೆ ಕಡೆಯ ಚೀಲಕ್ಕೆ ಚುಚ್ಚಿದರು. ಮೀಟರ್ ಮೇಲೆ 12.4. ಗೋಡೆ ಮಳೆಗೆ ಒದ್ದೆಯಾಗಿತ್ತು, ಕೈ ಇಟ್ಟರೆ ತಣ್ಣಗೆ ತಾಗುತ್ತಿತ್ತು. ಬೈಯಲಿಲ್ಲ. "ಇದನ್ನ ಹಲ್ಲರ್‌ಗೆ ಹಾಕಿದ್ರೆ ಪ್ಲಾಂಟರ್‌ಗೆ ನೀನು ಉತ್ತರ ಹೇಳ್ತಿದ್ದೆಯಾ?" ಅಂದರು ಅಷ್ಟೇ. ಆ ಸಾಲನ್ನು ಹೊಡೆದು, ಪಕ್ಕದಲ್ಲಿ ಸರಿ ರೀಡಿಂಗ್ ಬರೆಸಿ, ಸಹಿ ಹಾಕಿಸಿದರು. ವೈಟ್ನರ್ ಮುಟ್ಟಲು ಬಿಡಲಿಲ್ಲ. ಆ ಅಡ್ಡಗೀಟು ಆ ರಿಜಿಸ್ಟರ್‌ನಲ್ಲಿ ಈಗಲೂ ಇರಬೇಕು.

ಕಾಲೇಜಿನಿಂದ ಒಳ್ಳೆಯದೇನೂ ಬರಲಿಲ್ಲ ಅಂತಲ್ಲ. ಕಾಲೇಜ್ ಫೆಸ್ಟ್ ಮಾಡುವಾಗ ಒಂದು ಕಂಡುಕೊಂಡಿದ್ದೆ: ಯಾವ ಕೆಲಸಕ್ಕೂ ಎಚ್‌ಒಡಿಗಿಂತ ಮೊದಲು ಅಟೆಂಡರ್ ಅಣ್ಣನನ್ನು ಕೇಳಬೇಕು. ಬೀಗದ ಕೈ ಅವನ ಹತ್ತಿರ ಇರುತ್ತದೆ. ಇಲ್ಲೂ ಮಧ್ಯಾಹ್ನ ಬುತ್ತಿ ತಗೊಂಡು ಗಾರ್ಬ್ಲಿಂಗ್ ಹೆಂಗಸರ ಜೊತೆ ಕೂರುತ್ತಿದ್ದೆ. ಒಡಕು, ಕಪ್ಪು ಬೀಜ ಕೈಯಲ್ಲಿ ಆರಿಸುವವರು ಅವರು. ಒಬ್ಬ ಅಕ್ಕ ಮುಷ್ಟಿ ಬೀಜ ನನ್ನ ಅಂಗೈಗೆ ಸುರಿದು, "ಇದು ಎ ಗ್ರೇಡ್ ಅಂತೆ. ನೋಡವ್ವಾ, ಸಣ್ಣವೆಲ್ಲ ಸೇರ್ಕೊಂಡವೆ. ಆ ಜರಡಿ ಬಡಿದು ಎಷ್ಟು ದಿನ ಆಯ್ತು ಕೇಳು" ಅಂದಳು.

ಹೋಗಿ ನೋಡಿದರೆ ಹೌದು. ಜರಡಿಯ ತೂತುಗಳಲ್ಲಿ ಬೀಜ ಸಿಕ್ಕಿ ಕೂತಿತ್ತು. ಕೆಳಗೆ ಬೀಳಬೇಕಾದ ಸಣ್ಣ ಬೀಜ ಮೇಲೇ ಉರುಳಿ ಎ ಗ್ರೇಡ್ ಚೀಲಕ್ಕೆ ಹೋಗುತ್ತಿತ್ತು. ಎ ಗ್ರೇಡ್ ಅಂದರೆ 6.65 ಮಿಲಿಮೀಟರ್ ಜರಡಿಯ ಮೇಲೆ ನಿಲ್ಲುವ ಬೀಜ. ಕೊನೆಯ ಎರಡು ವಾರ ನನ್ನ ಪ್ರಾಜೆಕ್ಟ್ ಅದೇ ಆಯಿತು: ಜರಡಿ ಬಡಿದ ಮೇಲೆ ಗಂಟೆಗೊಂದು ಸಲ ಮಾದರಿ ತೆಗೆಯುವುದು, ಸಣ್ಣವು ಎಷ್ಟು ಸೇರಿವೆ ತೂಗುವುದು, ಯಾವ ಹೊತ್ತಿಗೆ ಮತ್ತೆ ಬಡಿಯಬೇಕು ನೋಡುವುದು. ಇಂಟರ್ನ್‌ಶಿಪ್ ರಿಪೋರ್ಟ್‌ನಲ್ಲಿ ಐಡಿಯಾ ಅಕ್ಕನದು ಅಂತ ಬರೆದೆ. ಗೈಡ್ ಆ ಸಾಲು ತೆಗೆಸಿದರು. ಯಾಕೋ ಗೊತ್ತಿಲ್ಲ.

ಏಳನೇ ಸೆಮ್ ಲ್ಯಾಬ್ ಶುರುವಾಯಿತು. ಮೊದಲ ಪ್ರಯೋಗದಲ್ಲೇ ನನ್ನ ರೀಡಿಂಗ್ ಎಲ್ಲೋ ಹೋಗಿತ್ತು. ಪಕ್ಕದವಳು ಇಣುಕಿ, "ಸರಿ ಮಾಡ್ಕೊಳ್ಳೇ, ಟೈಮ್ ಇದೆ" ಅಂದಳು. ಇನ್ನೊಂದು ಸಲ ತೆಗೆದೆ, ಅದೇ ಬಂತು. ಅದನ್ನೇ ಬರೆದು ಕೊಟ್ಟೆ. ನನಗೆ ಹತ್ತಕ್ಕೆ ಆರು, ಅವಳಿಗೆ ಒಂಬತ್ತು.